ಗರಡಿಮನೆಯ ಖಾಲಿ ಗೂಟಗಳು

"ಗುರುಗಳೇ, ಮೈ ಗಟ್ಟಿಮಾಡಿಕೊಳ್ಳುವ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು? ತಾನೇ ಮಾಡಿ ಗೆದ್ದವನ ಮಾತನ್ನೋ, ಹತ್ತಾರು ಜನರನ್ನು ಪರೀಕ್ಷಿಸಿ ನೋಡಿದವನ ಮಾತನ್ನೋ?"

ಕೇಳಿದವನು ಬಿಳಿಗಿರಿ. ಮಠದ ಜಗಲಿಯ ಮೇಲೆ ಬೆಳಗಿನ ಪಾಠ ಮುಗಿದು ಉಳಿದ ಶಿಷ್ಯರು ಎದ್ದುಹೋಗಿದ್ದರು. ಇವನು ಮಾತ್ರ ಕೂತೇ ಇದ್ದ. ಅವನ ಅಕ್ಕ ಹೆರಿಗೆಯಾದ ಮೇಲೆ ನಡು ಹಿಡಿದುಕೊಂಡು ಮಲಗಿದ್ದಳು. ಕೂಸನ್ನು ಎತ್ತಿಕೊಳ್ಳುವುದಕ್ಕೆ ಆಗುತ್ತಿರಲಿಲ್ಲ, ಮಗ್ಗುಲಲ್ಲಿ ಮಲಗಿಸಿಕೊಂಡೇ ಹಾಲೂಡುತ್ತಿದ್ದಳು. ಅವಳ ಊರಿನ ಪೈಲ್ವಾನ ಒಂದು ಉಪಾಯ ಹೇಳಿದ್ದ. ಪೇಟೆಯ ಡಾಕ್ಟರು ಇನ್ನೊಂದು ಹೇಳಿದ್ದರು. ಪೈಲ್ವಾನನ ಮೈ ಕಬ್ಬಿಣದಂತಿತ್ತು, ಡಾಕ್ಟರಿಗೆ ಹೊಟ್ಟೆ ಮುಂದೆ ಬಂದಿತ್ತು.

ಗುರುಗಳಿಗೆ ಎಂಬತ್ತು ದಾಟಿತ್ತು, ಆದರೆ ಬೆನ್ನು ಬಾಗಿರಲಿಲ್ಲ. ದಿನವೂ ಕೋಳಿ ಕೂಗುವ ಹೊತ್ತಿಗೆ ಅವರು ಸೂರ್ಯನಮಸ್ಕಾರ ಹಾಕುತ್ತಿದ್ದರು. ಶಿಷ್ಯರೂ ಹಿಂದೆ ಚಾಪೆ ಹಾಸಿಕೊಂಡು ಹಾಕುತ್ತಿದ್ದರು. ಮಠ ಬಿಟ್ಟುಹೋದ ಕೆಲವರ ಚಾಪೆಗಳು ಜಗಲಿಯ ಮೂಲೆಯಲ್ಲಿ ಸುತ್ತಿಟ್ಟ ಹಾಗೇ ಇದ್ದವು. ಅವುಗಳ ಮೇಲೆ ಬೆಕ್ಕು ಮಲಗುತ್ತಿತ್ತು.

"ಒಂದು ಕತೆ ಹೇಳುತ್ತೇನೆ, ಕೇಳು," ಎಂದರು ಗುರುಗಳು. "ಆಮೇಲೆ ಅಕ್ಕನ ಊರಿಗೆ ಹೊರಡುವೆಯಂತೆ."

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬ ತಮ್ಮ. ತಂದೆತಾಯಿ ಬೇಗ ಹೋಗಿಬಿಟ್ಟದ್ದರಿಂದ ತಮ್ಮನಿಗೆ ಉಣ್ಣಿಸಿದವನೂ ಅಣ್ಣನೇ, ಮಗ್ಗದ ಮೇಲೆ ಕೂರಿಸಿ ಲಾಳಿ ಹಿಡಿಯುವುದನ್ನು ಕಲಿಸಿದವನೂ ಅಣ್ಣನೇ. ಮನೆಯ ಪಡಸಾಲೆಯಲ್ಲಿ ಎರಡು ಮಗ್ಗ ಅಕ್ಕಪಕ್ಕ ಇದ್ದವು. ಒಂದರ ಸದ್ದಿಗೆ ಇನ್ನೊಂದು ಜೊತೆಗೂಡುತ್ತಿತ್ತು. ಬೀದಿಯಲ್ಲಿ ಹೋಗುವವರು ಆ ಸದ್ದು ಕೇಳಿ, ಅಣ್ಣತಮ್ಮಂದಿರು ಹರಟೆಗೆ ಕೂತಿದ್ದಾರೆ ಎಂದು ನಗುತ್ತಿದ್ದರು.

ತಮ್ಮ ಹುಣಸೆಮರ ಹತ್ತಿ ಬಿದ್ದ. ಪ್ರಾಣ ಉಳಿಯಿತು, ನಡು ಹೋಯಿತು. ಬಹಳ ದಿನ ಮಲಗಿದ್ದು ಕೊನೆಗೆ ಎದ್ದನೇನೋ ನಿಜ, ಕೋಲು ಹಿಡಿದು, ಬಾಗಿಕೊಂಡು ನಡೆದ. ಮಗ್ಗದ ಮೇಲೆ ಕೂರುವುದಕ್ಕೆ ಆಗಲಿಲ್ಲ. ಈಗ ಪಡಸಾಲೆಯಲ್ಲಿ ಒಂದೇ ಮಗ್ಗದ ಸದ್ದು. ಅಣ್ಣ ನೇಯುತ್ತಾ ನೇಯುತ್ತಾ ಪಕ್ಕಕ್ಕೆ ತಿರುಗಿ ನೋಡುವುದು, ದಾರ ಕಡಿಯುವುದು, ಬೈದುಕೊಳ್ಳುವುದು. ಬೈಗುಳ ದಾರಕ್ಕೆ. ಸಂಕಟ ಬೇರೆಯದೇ ಆಗಿತ್ತು.

ಆ ಊರಿನಲ್ಲಿ ಒಂದು ಗರಡಿಮನೆಯಿತ್ತು. ಅದರ ಉಸ್ತಾದ ಹೆಸರಾದ ಪೈಲ್ವಾನ. ಅವನ ಬೆನ್ನ ಮೇಲೂ ಒಂದು ಕಾಲದಲ್ಲಿ ಗಾಡಿ ಮಗುಚಿಬಿದ್ದು, ಇನ್ನು ಏಳುವುದಿಲ್ಲ ಎಂದು ಊರವರು ಕೈಬಿಟ್ಟಿದ್ದರಂತೆ. ಅವನು ಹಟಕ್ಕೆ ಬಿದ್ದು ಗುಂಡುಕಲ್ಲು ಹೆಗಲಿಗೇರಿಸಿ ಬಸ್ಕಿ ಹೊಡೆದು ಎದ್ದು ನಿಂತನಂತೆ. ಅಂತೆಯೇನು ಬಂತು, ಎದ್ದು ನಿಂತದ್ದನ್ನು ಊರೇ ನೋಡಿತ್ತು. ನೇಕಾರ ಅವನಲ್ಲಿಗೆ ಹೋದ.

ಪೈಲ್ವಾನ ಅಂಗಿ ಕಳಚಿ ಬೆನ್ನು ತೋರಿಸಿದ. "ನೋಡಪ್ಪ, ಇದಕ್ಕಿಂತ ಸಾಕ್ಷಿ ಬೇಕಾ? ನಿನ್ ತಮ್ಮನ್ನ ಕರ್ಕೊಂಡು ಬಾ. ನಾನು ಎತ್ತಿದ ಕಲ್ಲನ್ನೇ ಅವನ ಕೈಲೂ ಎತ್ತಿಸ್ತೀನಿ. ನನ್ ಮಗ ಅಂದ್ಕೊಂಡು ನೋಡ್ಕೋತೀನಿ."

ಮಾತಿನಲ್ಲಿ ಮೋಸವಿರಲಿಲ್ಲ. ಅವನಿಗೆ ಶಿಷ್ಯರೆಂದರೆ ಜೀವ. ನೇಕಾರ ಸುತ್ತ ನೋಡಿದ. ಕೆಮ್ಮಣ್ಣಿನ ಅಖಾಡದಲ್ಲಿದ್ದವರೆಲ್ಲ ಗಟ್ಟಿಮುಟ್ಟಾದ ಆಳುಗಳು, ಒಬ್ಬನೂ ಬಡಕಲನಲ್ಲ. ಅವನ ಮನಸ್ಸು ತುಂಬಿಬಂತು. ಮರುದಿನವೇ ತಮ್ಮನನ್ನು ಮೆಲ್ಲಗೆ ನಡೆಸಿಕೊಂಡು ಬಂದ.

ಆ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ಹೊಸಬ ಸೇರಿದ ದಿನ ಉಸ್ತಾದ ತನ್ನ ಕೈಯಾರೆ ಗೋಡೆಗೆ ಒಂದು ಮರದ ಗೂಟ ಹೊಡೆಯಬೇಕು. ಬಂದವನು ಅದಕ್ಕೆ ತನ್ನ ಬಟ್ಟೆ ತೂಗುಹಾಕಿ, ಲಂಗೋಟಿ ಕಟ್ಟಿ ಅಖಾಡಕ್ಕಿಳಿಯಬೇಕು. ಒಮ್ಮೆ ಹೊಡೆದ ಗೂಟವನ್ನು ಕೀಳುವ ಹಾಗಿಲ್ಲ. ಒಬ್ಬನ ಗೂಟಕ್ಕೆ ಇನ್ನೊಬ್ಬ ಬಟ್ಟೆ ಹಾಕುವ ಹಾಗೂ ಇಲ್ಲ. ತಮ್ಮನ ಹೆಸರಿನಲ್ಲೂ ಒಂದು ಗೂಟ ಗೋಡೆಗಿಳಿಯಿತು. ಬರುವ ಶನಿವಾರ ಹನುಮಂತನಿಗೆ ಕೈಮುಗಿದು ಕಲ್ಲು ಮುಟ್ಟುವುದೆಂದು ನಿಶ್ಚಯವಾಯಿತು. ತಮ್ಮ ಬಹಳ ದಿನಗಳ ಮೇಲೆ ಅಂದು ನಕ್ಕ.

ನೇಕಾರನ ಹೆಂಡತಿಗೆ ಸಮಾಧಾನವಾಗಲಿಲ್ಲ. ಬಿದ್ದಾಗ ಮೈದುನನಿಗೆ ಔಷಧಿ ಕೊಟ್ಟಿದ್ದ ವೈದ್ಯನನ್ನು ಒಂದು ಮಾತು ಕೇಳಿ ಬನ್ನಿ ಎಂದಳು. ನೇಕಾರ ಒಲ್ಲದ ಮನಸ್ಸಿನಿಂದ ಹೋದ. ಆ ವೈದ್ಯ ಓದಿಕೊಂಡವನು, ಆದರೆ ನೋಡುವುದಕ್ಕೆ ಏನೂ ಇಲ್ಲ. ಕಡ್ಡಿಯಂಥ ಕೈಕಾಲು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಕಲ್ಲು ಈಗ ಬೇಡ. ಬೋರಲು ಮಲಗಿ ಎದೆಯನ್ನಷ್ಟೇ ಸ್ವಲ್ಪ ಎತ್ತಲಿ. ದಿನಾ ಒಂದಿಷ್ಟು ನಡೀಲಿ. ನೋವು ಕಾಲಿಗೆ ಇಳಿದರೆ ಅಲ್ಲಿಗೆ ನಿಲ್ಲಿಸಲಿ. ನಿಧಾನ ಆಗುತ್ತೆ," ಎಂದ.

ನೇಕಾರನಿಗೆ ರೇಗಿತು. "ಬುದ್ಧಿಯೋರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಮೈನೇ ನೆಟ್ಟಗೆ ಇಟ್ಕೊಳ್ಳೋಕೆ ನಿಮ್ಮ ಕೈಲಾಗ್ಲಿಲ್ಲ. ಅವರು ಮಾಡಿ ತೋರಿಸವ್ರೆ."

ವೈದ್ಯ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವ ತನಕ ನೇಕಾರ ಕಾಯಬೇಕಾಯಿತು. "ನನ್ನ ಮೈ ನೋಡಿ ನಂಬು ಅಂತ ನಾನೆಲ್ಲಿ ಹೇಳಿದೆ? ನಾನು ಹೇಳಿದ್ದನ್ನ ಮಾಡಿದವರಲ್ಲಿ ಎದ್ದು ಓಡಾಡೋರು ಬಹಳ ಜನ. ಏಳದವರೂ ಇದ್ದಾರೆ. ಮೇಲಿನ ಬೀದಿ ಬಳೆಗಾರನ ತಾಯಿ, ಕೆರೆ ಹತ್ತಿರದ ಅಗಸ. ಮೊದಲು ಅವರ ಮನೆಗೆ ಹೋಗಿ ಕೇಳು. ಆಮೇಲೆ ಗರಡಿಗೆ ಹೋಗು, ಬಟ್ಟೆ ಇಲ್ಲದ ಗೂಟ ಯಾರದು ಅಂತ ಕೇಳು."

ನೇಕಾರನಿಗೆ ವಿಚಿತ್ರವೆನಿಸಿತು. ತಾನು ಸೋತ ಮನೆಯ ಗುರುತು ಹೇಳಿ ಕಳಿಸುವ ವೈದ್ಯನನ್ನು ಅವನು ಕಂಡಿರಲಿಲ್ಲ. ಬಳೆಗಾರನ ಮನೆಗೆ ಹೋದ. ಅಲ್ಲಿ ಮುದುಕಿ ಹಾಸಿಗೆಯಲ್ಲೇ ಇದ್ದಳು. "ನಂಗೆ ವಾಸಿಯಾಗ್ಲಿಲ್ಲ ಕಣಪ್ಪ. ಆದ್ರೂ ಆವಯ್ಯ ಬತ್ತಾನೇ ಇರ್ತಾನೆ. ಬಂದು ಕೂತ್ಕೊಂಡು, ಎಲ್ಲಿ ನೋವು, ಎಂಗೆ ನೋವು ಅಂತ ಜೀವ ತಿಂತಾನೆ," ಎಂದಳು. ಬೈಯುವಾಗಲೂ ಅವಳ ಮುಖದಲ್ಲಿ ವೈದ್ಯನ ಮೇಲಿನ ಅಕ್ಕರೆ ಕಾಣುತ್ತಿತ್ತು.

ಆಮೇಲೆ ಗರಡಿಗೆ ಹೋದ. ಮೊದಲು ಬಂದಾಗ ಅವನು ಅಖಾಡ ನೋಡಿದ್ದ, ಗೋಡೆಯನ್ನು ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದರೆ, ಬಟ್ಟೆ ತೂಗುವ ಗೂಟಗಳಿಗಿಂತ ಬರಿಯ ಗೂಟಗಳೇ ಹೆಚ್ಚು. ಕೆಲವಕ್ಕೆ ಜೇಡ ಬಲೆ ಕಟ್ಟಿತ್ತು.

"ಇವೆಲ್ಲ ಯಾರವು, ಉಸ್ತಾದ್ರೇ?"

"ಬಿಟ್ಟೋದೋರು," ಎಂದ ಪೈಲ್ವಾನ. ಒಂದೊಂದನ್ನೇ ಮುಟ್ಟಿ ಹೆಸರು ಹೇಳಿದ. ಒಂದೂ ಮರೆತಿರಲಿಲ್ಲ. "ಒಳ್ಳೇ ಹುಡುಗ್ರು. ಛಲ ಸಾಲ್ಲಿಲ್ಲ ಅಷ್ಟೇ. ಯಾವತ್ತಾದ್ರೂ ಬತ್ತಾರೆ ಅಂತ ಇವನ್ನ ದಿನಾ ಒರೆಸ್ತಿದ್ದೆ, ಈಚೀಚೆಗೆ ಕೈ ಬತ್ತಿಲ್ಲ."

ಆ ಹೆಸರುಗಳಲ್ಲಿ ಒಂದು ಕುಂಬಾರಬೀದಿಯ ಒಬ್ಬನದು. ನೇಕಾರ ಅವನ ಮನೆ ಹುಡುಕಿಕೊಂಡು ಹೋದ. ಅಂಗಳದಲ್ಲಿ ಕುಂಬಾರನ ಹೆಂಡತಿ ತಿಗುರಿ ತಿರುಗಿಸುತ್ತಿದ್ದಳು. ಕುಂಬಾರ ಗೋಡೆಗೆ ಒರಗಿ, ಒಂದು ಕಾಲು ಚಾಚಿಕೊಂಡು, ಒಣಗಿದ ಕುಡಿಕೆಗಳಿಗೆ ಬಣ್ಣ ಬಳಿಯುತ್ತಿದ್ದ. ಆ ಕಾಲು ಸೊರಗಿತ್ತು. ಮಣ್ಣು ಹೊತ್ತು ನಡು ಹಿಡಿದುಕೊಂಡಾಗ ಅವನೂ ಗರಡಿಗೆ ಹೋಗಿದ್ದವನೇ. ಅದೇ ಕಲ್ಲನ್ನು ಎತ್ತಿದ್ದವನೇ. ಎತ್ತಿದ ದಿನ ನಡುವಿನಲ್ಲಿ ಏನೋ ಛಳಕ್ಕೆಂದಿತ್ತು. ಅವತ್ತಿನಿಂದ ಕಾಲು ತನ್ನದಲ್ಲ ಎನ್ನುವ ಹಾಗಾಗಿತ್ತು.

"ಉಸ್ತಾದ್ರಿಗೆ ಯಾಕೆ ಹೇಳ್ಲಿಲ್ಲ?" ಎಂದು ನೇಕಾರ ಕೇಳಿದ.

ಕುಂಬಾರ ಕುಡಿಕೆಯನ್ನು ಕೆಳಗಿಟ್ಟ. "ಹೆಂಗೆ ಹೇಳ್ಲಿ? ತಂದೆ ಹಂಗೆ ನೋಡ್ಕೊಂಡ್ರು. ಅವರ ಪಾಲಿನ ಹಾಲು ನಂಗೆ ಕುಡಿಸವ್ರೆ. ಈ ಕಾಲು ನೋಡಿದ್ರೆ ಅವರು ಊಟ ಬಿಟ್ಬುಡ್ತಾರೆ. ಛಲ ಸಾಲ್ಲಿಲ್ಲ ಅಂತ ಅವರು ಅಂದ್ಕೊಂಡಿದ್ರೆ ಅಂದ್ಕೊಳ್ಳಲಿ ಬುಡಿ. ನೀವೂ ಹೇಳ್ಬೇಡಿ."

ನೇಕಾರ ಇನ್ನೂ ಕೆಲವರ ಮನೆಗೆ ಹೋದ. ಬಿಟ್ಟವರೆಲ್ಲ ನೊಂದವರೇ ಏನಲ್ಲ. ಒಬ್ಬ ಮದುವೆಯಾಗಿ ಹೆಂಡತಿಯ ಊರು ಸೇರಿದ್ದ. ಇನ್ನೊಬ್ಬ ನಿಜವಾಗಿಯೂ ಸೋಮಾರಿ, ಹಾಗೆಂದು ತಾನೇ ಹೇಳಿಕೊಂಡು ಆಕಳಿಸಿದ. ಆದರೆ ನಡುನೋವೆಂದು ಹೋಗಿ ಕಲ್ಲು ಎತ್ತಿದವರ ಮನೆಯಲ್ಲಿ ಕುಂಬಾರನ ಮಾತೇ ಮತ್ತೆ ಮತ್ತೆ ಕೇಳಿಬಂತು. ಒಬ್ಬರೂ ಪೈಲ್ವಾನನನ್ನು ಬೈಯಲಿಲ್ಲ. ಒಬ್ಬರೂ ಹೋಗಿ ಅವನಿಗೆ ಹೇಳಿಯೂ ಇರಲಿಲ್ಲ.

ಶನಿವಾರ ಬಂತು. ಪೈಲ್ವಾನ ಕಲ್ಲನ್ನು ತೊಳೆದು, ಕುಂಕುಮವಿಟ್ಟು, ಹೂವೇರಿಸಿ ಕಾಯುತ್ತಿದ್ದ. ನೇಕಾರ ಒಬ್ಬನೇ ಬಂದ. ತಮ್ಮ ಕಲ್ಲು ಎತ್ತುವುದಿಲ್ಲ ಎಂದ. ಪೈಲ್ವಾನನ ಮುಖ ಸಣ್ಣದಾಯಿತು.

"ನನ್ ಬೆನ್ನು ನೋಡಿದ್ಮೇಲೂ ನಂಬಿಕೆ ಬರ್ಲಿಲ್ವಾ?"

ಬೇರೆ ಊರಿಗೆ ಹೋಗಬೇಕು, ಮನೆಯಲ್ಲಿ ಕಷ್ಟ ಎಂದು ಏನಾದರೊಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅಷ್ಟು ಪ್ರೀತಿಯ ಮನುಷ್ಯನನ್ನು ನೋಯಿಸುವುದಕ್ಕೆ ನೇಕಾರನಿಗೂ ಮನಸ್ಸು ಬರಲಿಲ್ಲ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆಗ ತಮ್ಮನ ಹೊಸ ಗೂಟ ಕಣ್ಣಿಗೆ ಬಿತ್ತು. ತಾನೂ ಸುಳ್ಳು ಹೇಳಿ ಹೋದರೆ ಗೋಡೆಯ ಮೇಲೆ ಮತ್ತೊಂದು ಖಾಲಿ ಗೂಟ ಸೇರುತ್ತದೆ, ನಾಳೆ ಇನ್ಯಾರದೋ ತಮ್ಮ ಇದೇ ಕಲ್ಲಿನ ಮುಂದೆ ನಿಲ್ಲುತ್ತಾನೆ ಎಂದು ಅವನಿಗೆ ಹೊಳೆಯಿತು.

"ನಿಮ್ಮ ಬೆನ್ನು ನಂಬ್ತೀನಿ ಉಸ್ತಾದ್ರೇ," ಎಂದ. "ಆದ್ರೆ ಒಂದ್ಸಲ ಆ ಕುಂಬಾರನ ಮನೆಗೆ ಹೋಗ್ಬನ್ನಿ. ಹೇಳ್ಬೇಡ ಅಂದಿದ್ದ. ಅವನ ಮಾತು ಮೀರಿ ಹೇಳ್ತಿದೀನಿ."

ಪೈಲ್ವಾನ ಒಂದು ಚೊಂಬು ಹಾಲು ತೆಗೆದುಕೊಂಡು ಹೋದ. ಕುಂಬಾರನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದನಂತೆ. ಅಳಬೇಡಿ ಎಂದು ಕುಂಬಾರನೇ ಸಮಾಧಾನ ಹೇಳಬೇಕಾಯಿತಂತೆ. ಅಲ್ಲಿಂದ ಎದ್ದವನು ಗರಡಿಗೆ ಹೋಗಲಿಲ್ಲ, ನೆಟ್ಟಗೆ ವೈದ್ಯನ ಮನೆಗೆ ಹೋದ. ಆಮೇಲೆ ಆ ಗರಡಿಗೆ ಯಾರೇ ನಡುನೋವೆಂದು ಬಂದರೂ, ಪೈಲ್ವಾನ ಅಂಗಿ ಕಳಚಿ ಬೆನ್ನು ತೋರಿಸುತ್ತಿರಲಿಲ್ಲ. ಗೋಡೆಯ ಮುಂದೆ ನಿಲ್ಲಿಸಿ ಖಾಲಿ ಗೂಟಗಳ ಹೆಸರು ಹೇಳುತ್ತಿದ್ದ.

ನೇಕಾರನ ತಮ್ಮ ವೈದ್ಯ ಹೇಳಿದಂತೆ ನಡೆದುಕೊಂಡ. ಪವಾಡವೇನೂ ಆಗಲಿಲ್ಲ. ಒಂದು ದಿನ ಮೇಲಾದರೆ ಎರಡು ದಿನ ನೋವು. ದಿನವೂ ಅವನ ಜೊತೆ ಕೆರೆಯ ತನಕ ನಡೆಯುತ್ತಿದ್ದವನು ಯಾರು ಗೊತ್ತೇ? ಅದೇ ಪೈಲ್ವಾನ. ಇವನು ನಿಂತಲ್ಲಿ ಅವನೂ ನಿಲ್ಲುತ್ತಿದ್ದ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನೇಕಾರನ ಕಿವಿಗೆ ಪಕ್ಕದ ಮಗ್ಗದ ಸದ್ದು ಬಿತ್ತು. ಸ್ವಲ್ಪ ಹೊತ್ತು ಆಡಿತು, ನಿಂತಿತು, ಮತ್ತೆ ಆಡಿತು. ಅವನು ತಿರುಗಿ ನೋಡಲಿಲ್ಲ. ತನ್ನ ಲಾಳಿಯನ್ನು ಕೈಯಲ್ಲೇ ಹಿಡಿದುಕೊಂಡು, ಕಣ್ಣು ಒರೆಸಿಕೊಳ್ಳದೆ ಕೇಳುತ್ತಾ ಕೂತ.

ಗುರುಗಳು ಕತೆ ನಿಲ್ಲಿಸಿದರು.

ಬಿಳಿಗಿರಿ ಮೂಗು ಒರೆಸಿಕೊಂಡು ಎದ್ದ. ಅವನ ಮುಖ ತಿಳಿಯಾಗಿತ್ತು. "ಅರ್ಥವಾಯಿತು ಗುರುಗಳೇ. ಅಕ್ಕನ ಊರಿನ ಪೈಲ್ವಾನನ ಮಾತನ್ನು ಕಟ್ಟಿಕೊಳ್ಳುವುದಿಲ್ಲ. ಆ ಡಾಕ್ಟರು ಬೇರೆ ಎಂಥವರೋ ಏನೋ. ಇಬ್ಬರೂ ಬೇಡ. ನೀವು ದಿನವೂ ಮಾಡುವ ನಮಸ್ಕಾರಗಳನ್ನೇ ಅಕ್ಕನಿಗೆ ಕಲಿಸುತ್ತೇನೆ. ಈ ವಯಸ್ಸಿನಲ್ಲೂ ನಿಮ್ಮ ಬೆನ್ನು ಎಷ್ಟು ನೆಟ್ಟಗಿದೆ ಎಂದು ನಾನೇ ಕಣ್ಣಾರೆ ಕಂಡಿದ್ದೇನಲ್ಲ!"

ಗುರುಗಳು ನಗಲಿಲ್ಲ, ಗದರಲೂ ಇಲ್ಲ. ಅವರು ಜಗಲಿಯ ಮೂಲೆಯ ಕಡೆಗೆ ನೋಡಿದರು. ಸುತ್ತಿಟ್ಟ ಚಾಪೆಗಳ ಮೇಲೆ ಬೆಕ್ಕು ಮಲಗಿತ್ತು. ಬಿಳಿಗಿರಿಯೂ ಆ ಕಡೆ ನೋಡಿದ.

ಗುರುಗಳು ಮೆಲ್ಲಗೆ ಹೇಳಿದರು, "ಈ ಜಗಲಿ ಬಿಟ್ಟುಹೋದವರು ಯಾರೂ ತಮಗೆ ಎಲ್ಲಿ ನೋವಾಯಿತು ಎಂದು ನನಗೆ ಹೇಳಿ ಹೋಗಿಲ್ಲ, ಮಗು."