ಅಂಚಿನ ಗಿಡದ ಎಲೆಯಲ್ಲಿ ಚುಕ್ಕೆಗಳೇಕೆ

ಬೆಟ್ಟಗಳು ಇನ್ನೂ ಹಸಿಮಣ್ಣಿನಂತೆ ಮೆತ್ತಗಿದ್ದ ಕಾಲ ಅದು, ಮಗು. ಆನೆ ನಡೆದರೆ ಕಣಿವೆಯಾಗುತ್ತಿತ್ತು, ಜಿಂಕೆ ನೆಗೆದರೆ ಹೊಂಡವಾಗುತ್ತಿತ್ತು. ಮರ, ಹುಲ್ಲು, ಬಳ್ಳಿ ಎಲ್ಲವೂ ಒಟ್ಟೊಟ್ಟಿಗೆ ಬೆಳೆದಿದ್ದವು. ಪಕ್ಕದಲ್ಲಿರುವವರು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಚೆನ್ನಾಗಿಯೇ ಇತ್ತು.

ಆಮೇಲೆ ಮನುಷ್ಯರು ಬಂದರು. ಅವರಲ್ಲೊಂದು ಪದ್ಧತಿ. ಬಂದವರು ಮೊದಲು ಕುಲ ಹೇಳಬೇಕು. ಆಮೇಲೆ ನೀರು, ಆಮೇಲೆ ನೆರಳು. ಅವರ ಯಜಮಾನ ಜಡಿಯಜ್ಜ ಬೆಟ್ಟವನ್ನು ನೋಡಿ ಮುಖ ಸಿಂಡರಿಸಿದ.

"ಇದೇನ್ ಕಲಸುಮೇಲೋಗರ! ಆಷಾಢದ ಗಾಳಿ ಬರೋದ್ರೊಳ್ಗೆ ಎಲ್ರೂ ಅವರವ್ರ ಕುಲದ ಜೊತೆ ನಿಂತ್ಕಳ್ಳಿ. ಮರ ಕಣಿವೇಲಿ, ಹುಲ್ಲು ಗುಡ್ಡದ ಮೇಲೆ."

ಗುಂಪಿನಲ್ಲಿ ನಿಂತವರ ಬೇರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಒಂಟಿಯಾಗಿ ನಿಂತ ಎಳೆ ಸಸಿಯನ್ನು ಆಷಾಢದ ಗಾಳಿ ಕಿತ್ತೊಯ್ಯುತ್ತದೆ. ಅದಕ್ಕೇ ಎಲ್ಲರೂ ಓಡಿದರು.

ಆ ಬೆಟ್ಟದಲ್ಲಿ ಹಳದಿ ಹೂವಿನ ಒಂದು ಗಿಡವಿತ್ತು. ಅದರ ಬುಡದಲ್ಲಿ ಎರಡೇ ಎಲೆಯ ಒಂದು ಮರಿ ಸಸಿ. ಸಸಿ ತಾಯಿಯನ್ನು ಕೇಳಿತು:

"ಅವ್ವ, ನಮ್ದು ಯಾವ ಕುಲ?"

"ಕೇಳ್ಕಂಡ್ ಬರ್ತೀನಿ ಇರು ಕೂಸೇ," ಎಂದಿತು ತಾಯಿ.

ಮರಗಳ ಹತ್ತಿರ ಹೋಗಿ ಕೇಳಿತು. ಮರಗಳು ನಕ್ಕವು. "ನಮ್ ಮೊಣಕಾಲ್ಗೂ ಬರಲ್ಲ ನೀನು. ಹೋಗ್, ಹುಲ್ಲಿನ್ ಜೊತೆ ನಿಂತ್ಕೋ."

ಹುಲ್ಲಿನ ಹತ್ತಿರ ಹೋಗಿ ಕೇಳಿತು. "ಎಲ್ಲಿ, ನಮ್ಮಂಗೆ ಬಗ್ಗು ನೋಡಣ," ಎಂದಿತು ಹುಲ್ಲು. ಗಿಡ ಬಗ್ಗಿತು. ಒಂದು ಕೊಂಬೆ ಚಟ್ ಎಂದು ಮುರಿಯಿತು. "ಮೈಯೆಲ್ಲಾ ಕಟ್ಟಿಗೆ ಇಟ್ಕಂಡು ಹುಲ್ಲಂತೆ! ಹೋಗ್, ಮರದ್ ಜೊತೆ ನಿಂತ್ಕೋ."

"ಅವ್ವ, ನಮ್ದು ಯಾವ ಕುಲ?" ಎಂದು ಸಸಿ ಮತ್ತೆ ಕೇಳಿತು.

ಕೊನೆಗೆ ಗಿಡ ಜಡಿಯಜ್ಜನ ಮುಂದೆ ನಿಂತಿತು. ಅಜ್ಜ ಜಾಲಿಮುಳ್ಳು ತೆಗೆದುಕೊಂಡ. "ಒಂದೆಲೆ ಕೊಡು. ಚುಚ್ಚಿದಾಗ ನೀರ್ ಬಂದ್ರೆ ಹುಲ್ಲು, ಹಾಲ್ ಬಂದ್ರೆ ಮರ."

ಗಿಡ ಒಂದೆಲೆ ಕೊಟ್ಟಿತು. ಅಜ್ಜ ಚುಚ್ಚಿದ. ನೀರೂ ಬರಲಿಲ್ಲ, ಹಾಲೂ ಬರಲಿಲ್ಲ. ಘಮಘಮಿಸುವ ಒಂದು ತೊಟ್ಟು ಎಣ್ಣೆ ಬಂತು.

"ಇನ್ನೊಂದ್ ಕೊಡು," ಎಂದ. ಕೊಟ್ಟಿತು. ಚುಚ್ಚಿದ. ಮತ್ತೆ ಎಣ್ಣೆ.

"ಇನ್ನೊಂದ್ ಕೊಡು."

ನೋಯುತ್ತಿತ್ತು, ಮಗು. ಆದರೂ ಸಸಿಗೋಸ್ಕರ ಕೊಡುತ್ತಲೇ ಹೋಯಿತು. ಕಿತ್ತ ಎಲೆಗಳು ಸಾಲದೆ, ಮೈಮೇಲಿದ್ದ ಎಲೆಗಳನ್ನೂ ಅಜ್ಜ ಬಿಡದೆ ಚುಚ್ಚಿದ. ಒಂದೊಂದನ್ನೂ ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ.

ಅಜ್ಜನ ಹೆಂಡತಿ ಕೇತಜ್ಜಿಗೆ ತಡೆಯಲಾಗಲಿಲ್ಲ. "ಅಲ್ಲಾ, ಮೊನ್ನೆ ಕಾಲ್ ಸೀಳ್ಕಂಡ್ ಬಂದಾಗ ಇದೇ ಎಲೆ ಅರ್ದು ಕಟ್ಟಿದ್ದು ನಾನು. ಆಗ ಇದ್ರ ಕುಲ ಕೇಳುದ್ರಾ ನೀವು?"

"ಗಾಯದ್ ಮಾತೇ ಬೇರೆ, ಕುಲದ್ ಮಾತೇ ಬೇರೆ. ನೀ ಸುಮ್ಕಿರು," ಎಂದ ಅಜ್ಜ. ನನಗೆ ಈ ಮುದುಕನ ಮೇಲೆ ಇವತ್ತಿಗೂ ಸಿಟ್ಟಿದೆ. ಆ ಕಾಲು ವಾಸಿಯಾಗದೇ ಇರಬೇಕಿತ್ತು.

ಹೊತ್ತು ಮುಳುಗುವ ಹೊತ್ತಿಗೆ ಅಜ್ಜ ಮುಳ್ಳು ಬಿಸಾಡಿದ. "ನಿಂಗೆ ಕುಲ ಇಲ್ಲ. ಕಾಡಿಗೂ ಹುಲ್ಲಿಗೂ ನಡುವೆ, ಅಲ್ಲಿ ಅಂಚಲ್ಲಿ ನಿಂತ್ಕೋ."

ಗಿಡ ಅಂಚಿನಲ್ಲಿ ನಿಂತಿತು. ಆಷಾಢದ ಗಾಳಿ ಬಂತು.

"ಗಾಳಪ್ಪ, ನನ್ ಕೂಸು ಚಿಕ್ಕದು," ಎಂದು ಬೇಡಿಕೊಂಡಿತು.

"ನಾನೇನ್ ಮಾಡ್ಲವ್ವ," ಎಂದಿತು ಗಾಳಿ. "ನಂಗೆ ಕುಲಾನೂ ಗೊತ್ತಿಲ್ಲ, ಕೂಸೂ ಗೊತ್ತಿಲ್ಲ. ಬೀಸೋದೊಂದೇ ಗೊತ್ತು."

ತಾಯಿ ತನ್ನ ಬೇರನ್ನು ಚಾಚಿತು. ಹಿಡಿಯಲು ಆಚೆಯಿಂದ ಒಂದು ಬೇರೂ ಬರಲಿಲ್ಲ. ಮರಗಳು ನೋಡಿದವು, ಹುಲ್ಲು ನೋಡಿತು. ಸಸಿ ಕಣಿವೆಯ ಕಡೆಗೆ ಹಾರಿಹೋಯಿತು.

ಅಂದಿನಿಂದ ಆ ಗಿಡ ತನ್ನ ಎಲೆಗಳಿಗೆ ತೊಟ್ಟು ಇಟ್ಟುಕೊಳ್ಳಲಿಲ್ಲ. ಯಾರೂ ಸಲೀಸಾಗಿ ಕೀಳಬಾರದೆಂದು ಎಲೆಗಳನ್ನು ಕೊಂಬೆಗೇ ಅವಚಿಕೊಂಡಿತು.

ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬಿತ್ತು. ಬೆಂಕಿ ಕಾಡಿನತ್ತ ಓಡಿ ಬಂದಾಗ ಅಂಚಿನಲ್ಲಿದ್ದದ್ದು ಈ ಗಿಡ ಒಂದೇ. ಅದು ಸುಟ್ಟುಹೋಯಿತು, ಅದನ್ನು ಸುಡುವಷ್ಟರಲ್ಲಿ ಬೆಂಕಿಯೂ ದಣಿಯಿತು. ಒಳಗಿನ ಮರಗಳಿಗೆ ಬಿಸಿಯೂ ತಾಗಲಿಲ್ಲ. ಮಳೆ ಬಿದ್ದ ಮೇಲೆ ಗಿಡ ಬುಡದಿಂದ ಮತ್ತೆ ಚಿಗುರಿತು.

ಆಗ ಮರಗಳಿಗೆ ನಾಚಿಕೆಯಾಯಿತಂತೆ. "ಬಾರವ್ವ, ಒಳಕ್ ಬಾ. ನೀನೂ ನಮ್ ಕುಲಾನೇ ಅನ್ಕೋ," ಎಂದವು.

ಗಿಡ ಹೇಳಿತು: "ಯಾರ್ಗೆ ಬೇಕು ಈಗ ಕುಲ? ಕೇಳ್ತಿದ್ದೋಳು ಹೋದ್ಳು."

ಇವತ್ತಿಗೂ ಅದು ಒಳಗೆ ಹೋಗಿಲ್ಲ. ಬೆಟ್ಟ ಹತ್ತಿದಾಗ ನೀನೇ ನೋಡು: ಕಾಡು ಮುಗಿದು ಹುಲ್ಲು ಶುರುವಾಗುವ ಕಡೆ, ಐದೆಸಳಿನ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದೆ. ಎಲೆ ಕೀಳಬೇಡ. ಕೊಂಬೆಯನ್ನು ಮೆಲ್ಲಗೆ ಬಿಸಿಲಿಗೆ ಬಗ್ಗಿಸಿ ಕೆಳಗಿನಿಂದ ನೋಡು. ಎಲೆಯ ತುಂಬ ಮುಳ್ಳಿನ ಮೊನೆಯಷ್ಟೇ ಸಣ್ಣ ಚುಕ್ಕೆಗಳು, ಒಂದೊಂದರಲ್ಲೂ ಬೆಳಕು ಕಾಣುತ್ತದೆ.