ಬಳ್ಳಿಗೆ ಹೊದಿಸಿದ ಕಂಬಳಿ

"ಗುರುಗಳೇ, ದುಃಖದಲ್ಲಿ ಇರುವವರಿಗೆ ಏನು ಹೇಳಬೇಕು?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಅವನು ಆಗಷ್ಟೇ ಊರೊಳಗಿನಿಂದ ಬಂದಿದ್ದ. ಮಗನನ್ನು ಕಳೆದುಕೊಂಡಿದ್ದ ಒಬ್ಬ ಕುಂಬಾರನ ಮನೆಗೆ ಹೋಗಿ, ದೇಹ ನಿತ್ಯವಲ್ಲ, ಬಂದವರು ಹೋಗಲೇಬೇಕು ಎಂದು ತಾನು ಕಲಿತದ್ದನ್ನೆಲ್ಲ ಹೇಳಿದ್ದ. ಕುಂಬಾರ ಕೇಳಿಸಿಕೊಂಡು, ಕೈಮುಗಿದು, ಗೋಡೆಯ ಕಡೆ ಹೊರಳಿ ಮಲಗಿಬಿಟ್ಟಿದ್ದ.

ಗುರುಗಳು ಪಕ್ಕದಲ್ಲಿ ಕುಳಿತುಕೊಳ್ಳುವಂತೆ ಕೈ ತೋರಿದರು. ಆಮೇಲೆ ಈ ಕತೆಯನ್ನು ಹೇಳಿದರು.

ಗುಡ್ಡದ ಮೇಲಿನ ಒಂದು ಊರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಮಾತಿನಲ್ಲಿ ಗಟ್ಟಿಗ. ಬೇಸಿಗೆಯಲ್ಲೂ ಕಂಬಳಿ ಮಾರಬಲ್ಲವನು ಎಂದು ಸಂತೆಯಲ್ಲಿ ಅವನಿಗೆ ಹೆಸರಿತ್ತು. ಹೆಂಡತಿ ತೀರಿಕೊಂಡಿದ್ದಳು. ಒಬ್ಬನೇ ಮಗ. ಆ ಮಗನಿಗೆ ಕೆಳಗಿನ ಹೊಳೆಸಾಲಿನ ಊರಿನಿಂದ ಹೆಣ್ಣು ತಂದ. ಹುಡುಗಿಯ ಹೆಸರು ಹಂಪಮ್ಮ.

ಹಂಪಮ್ಮನಿಗೆ ತಾಯಿ ಇರಲಿಲ್ಲ. ತಂದೆ ಎಲೆತೋಟದವನು. ಹೊಳೆಯ ದಂಡೆಯಲ್ಲಿ ವೀಳ್ಯದೆಲೆ ಬೆಳೆಯುತ್ತಿದ್ದ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತನ್ನ ತೋಟದ ಬಳ್ಳಿಯಿಂದ ಒಂದು ತುಂಡು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟ. ಅವಳು ಅದನ್ನು ಅಂಚು ಮುಕ್ಕಾದ ಒಂದು ಬಾನಿಯಲ್ಲಿ ಮಣ್ಣು ತುಂಬಿ ನೆಟ್ಟಳು. ಹಿತ್ತಿಲಿನಲ್ಲಿ ಇಟ್ಟಳು. ಬೇಸಿಗೆಯಲ್ಲಿ ಅದು ಚಿಗುರಿತು, ನೆಟ್ಟ ಕೋಲಿಗೆ ಹಬ್ಬಿತು.

ಮಳೆಗಾಲದಲ್ಲಿ ಹೊಳೆ ಉಕ್ಕಿತು. ಎಲೆತೋಟ ಕೊಚ್ಚಿಹೋಯಿತು. ತೋಟದ ಗುಡಿಸಲಿನಲ್ಲಿ ಮಲಗಿದ್ದ ತಂದೆಯೂ ಹೋದ.

ಸುದ್ದಿ ಗುಡ್ಡದ ಮೇಲಕ್ಕೆ ಬಂತು. ಹಂಪಮ್ಮ ಕೇಳಿದಳು. ಅಳಲಿಲ್ಲ. ಎದ್ದು ಹೋಗಿ ಬಳ್ಳಿಗೆ ನೀರು ಹಾಕಿದಳು. ತವರಿನದೆಂದು ಅವಳಿಗೆ ಉಳಿದದ್ದು ಅದೊಂದೇ.

ಊರಿನವರು ಒಬ್ಬೊಬ್ಬರಾಗಿ ಬಂದರು. ಹೋದವರ ಲೆಕ್ಕ ಮೇಲಿನವನಿಗೆ ಗೊತ್ತು ಎಂದರು. ನೀನು ಕೊರಗಿದರೆ ಅವನ ಜೀವಕ್ಕೆ ನೆಮ್ಮದಿಯಿಲ್ಲ ಎಂದರು. ಒಬ್ಬಳು ಮುದುಕಿ ತನ್ನ ತಂದೆ, ತಾಯಿ, ಗಂಡ, ಮೈದುನ ಎಲ್ಲರೂ ಸತ್ತ ಕತೆಯನ್ನು ಮಧ್ಯಾಹ್ನದವರೆಗೆ ಹೇಳಿದಳು. ಹಂಪಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಬಂದವರಿಗೆ ಮಜ್ಜಿಗೆ ಕೊಟ್ಟಳು. ಅವರು ಹೋದ ಮೇಲೆ ಪಾತ್ರೆ ತೊಳೆದಳು. ಎರಡು ತುತ್ತು ಉಂಡು ಏಳುತ್ತಿದ್ದಳು. ಕೆನ್ನೆ ಇಳಿಯಿತು. ಮುಂಗೈ ಬಳೆ ಮೊಣಕೈವರೆಗೆ ಜಾರತೊಡಗಿತು.

ಗಂಡ ಒಳ್ಳೆಯವನೇ. ಆದರೆ ಚಳಿಗಾಲ ಎಂದರೆ ಕಂಬಳಿಯವರಿಗೆ ಸುಗ್ಗಿ. ದೀಪಾವಳಿ ಕಳೆದದ್ದೇ ಎತ್ತುಗಳ ಮೇಲೆ ಕಂಬಳಿ ಹೇರಿಕೊಂಡು ದೂರದ ಸಂತೆಗಳಿಗೆ ಹೋದ. ಮನೆಯಲ್ಲಿ ಮಾವ, ಸೊಸೆ ಇಬ್ಬರೇ ಉಳಿದರು.

ಸಂತೆಯಲ್ಲಿ ಅಷ್ಟು ಮಾತನಾಡುವ ವ್ಯಾಪಾರಿಗೆ ಸೊಸೆಯ ಮುಂದೆ ಒಂದು ಮಾತೂ ಹೊಳೆಯಲಿಲ್ಲ. ಬಾಯಿ ತೆರೆಯುತ್ತಿದ್ದ. "ನೀರು ಕಾದಿದೆಯೇ?" ಎಂದು ಕೇಳಿ ಮುಚ್ಚಿಕೊಳ್ಳುತ್ತಿದ್ದ.

ಚಳಿ ಬಂತು. ಗುಡ್ಡದ ಮೇಲಿನ ಚಳಿ ಕೆಳಗಿನ ಸೀಮೆಯ ಬಳ್ಳಿಗೆ ಏನು ಗೊತ್ತು? ಎಲೆಗಳು ಬಾಡಿದವು. ಒಂದು ಬೆಳಿಗ್ಗೆ ಒಂದು ಎಲೆ ಉದುರಿತು. ಹಂಪಮ್ಮ ಅದನ್ನು ಎತ್ತಿಕೊಂಡು, ಸೆರಗಿನಿಂದ ಮಣ್ಣು ಒರೆಸಿ, ಒಳಗೆ ಗೋಡೆಯ ಗೂಡಿನಲ್ಲಿ ಇಟ್ಟಳು. ಮಾವ ಅದನ್ನು ನೋಡಿದ.

ಅವತ್ತೇ ಸಂಜೆ ಅವನು ಬಾನಿಯನ್ನು ತಬ್ಬಿ ಎತ್ತಿ ನಡುಮನೆಗೆ ತಂದ. ಮೂಲೆಯಲ್ಲಿ ಇಟ್ಟ. ಸುತ್ತ ನಾಲ್ಕು ಬಿದಿರು ನಿಲ್ಲಿಸಿ, ಮಾರಾಟಕ್ಕೆಂದು ಎತ್ತಿಟ್ಟಿದ್ದ ಕಂಬಳಿಗಳನ್ನು ಇಳಿಬಿಟ್ಟು ಒಂದು ಡೇರೆ ಮಾಡಿದ. ಒಳಗೆ ಬಳ್ಳಿಯ ಪಕ್ಕದಲ್ಲಿ ಬೋಗುಣಿ ತುಂಬ ಕೆಂಡ ಇಟ್ಟ. ಇನ್ನು ಚಳಿ ಏನು ಮಾಡುತ್ತದೆ ನೋಡೋಣ ಎಂದುಕೊಂಡು ಮಲಗಿದ.

ಬೆಳಿಗ್ಗೆ ಎದ್ದು ಕಂಬಳಿ ಸರಿಸಿದರೆ, ಕೆಂಡದ ಕಡೆಯ ಎಲೆಗಳೆಲ್ಲ ಹಪ್ಪಳದಂತೆ ಸುರುಟಿಕೊಂಡಿದ್ದವು.

ವ್ಯಾಪಾರಿ ಸೊಸೆಯನ್ನು ಕರೆದ. ಅವಳು ಬಂದು ನೋಡಿದಳು. ಅವನು ತಲೆ ತಗ್ಗಿಸಿ ನಿಂತ.

"ತಪ್ಪಾಯಿತು, ತಾಯಿ. ನನಗೆ ಕಂಬಳಿ ಗೊತ್ತು, ಬಳ್ಳಿ ಗೊತ್ತಿಲ್ಲ. ನಿಮ್ಮಪ್ಪ ಆಗಿದ್ದರೆ ಏನು ಮಾಡುತ್ತಿದ್ದ?"

ಹಂಪಮ್ಮ ಅವನ ಮುಖ ನೋಡಿದಳು. ಅಪ್ಪ ಹೋದದ್ದರ ಬಗ್ಗೆ ಊರೆಲ್ಲ ಮಾತನಾಡಿತ್ತು. ಅಪ್ಪ ಇದ್ದದ್ದರ ಬಗ್ಗೆ ಯಾರೂ ಕೇಳಿರಲಿಲ್ಲ.

"ನಮ್ಮಲ್ಲಿ ಇಷ್ಟು ಚಳಿ ಇಲ್ಲ, ಮಾವಯ್ಯ" ಎಂದಳು. ಸುರುಟಿದ ಒಂದು ಎಲೆಯನ್ನು ಕಿತ್ತು ಮತ್ತೆ ಹೇಳಿದಳು: "ಮಾಗಿಯಲ್ಲಿ ಅಪ್ಪ ಸಂಜೆ ಹೊತ್ತು ನೀರು ಹಾಯಿಸುತ್ತಿದ್ದ. ಹಗಲಿನ ಬಿಸಿಲನ್ನು ನೀರು ರಾತ್ರಿಗೆ ಹೊತ್ತು ತರುತ್ತದೆ ಅನ್ನುತ್ತಿದ್ದ. ಬೆಂಕಿಯ ಕಾವು ಎಲೆಗೆ ಆಗದು. ನೀರಿನ ಕಾವು ಆಗುತ್ತದೆ."

ಸುದ್ದಿ ಬಂದಂದಿನಿಂದ ಅವಳು ಇಷ್ಟು ಮಾತನಾಡಿರಲಿಲ್ಲ.

ವ್ಯಾಪಾರಿ ಮನೆಯಲ್ಲಿದ್ದ ತಾಮ್ರದ ಕೊಡಗಳನ್ನೆಲ್ಲ ತೆಗೆದ. ನೀರು ತುಂಬಿ ಅಂಗಳದ ಬಿಸಿಲಿಗೆ ಇಟ್ಟ. ಸಂಜೆ ಬಿಸಿಲು ಇಳಿಯುವ ಮೊದಲು, ಒಂದೊಂದೇ ಕೊಡವನ್ನು ಹೆಗಲ ಮೇಲೆ ಹೊತ್ತು ಒಳಗೆ ತಂದು, ಬಾನಿಯ ಸುತ್ತ ಇಟ್ಟು, ಕಂಬಳಿ ಮುಚ್ಚಿದ. ಮೋಡ ಕವಿದ ದಿನ ಹಂಪಮ್ಮ ಒಲೆಯ ಮೇಲೆ ನೀರು ಬೆಚ್ಚಗೆ ಮಾಡಿ ಕೊಟ್ಟಳು.

ಮತ್ತೆ ಕೆಲವು ದಿನಕ್ಕೆ ಎಲೆಯ ಮೇಲೆ ಕಪ್ಪು ಚುಕ್ಕೆ ಬಂದವು. ಯಾಕೆಂದು ವ್ಯಾಪಾರಿ ಕೇಳಿದ. ಅವಳು ಎಲೆಯ ಹಿಂದೆ ಬೆರಳಾಡಿಸಿ, "ಒಳಗೆ ತೇವ ನಿಂತಿದೆ. ಮಧ್ಯಾಹ್ನ ಕಂಬಳಿ ಎತ್ತಿ ಉಸಿರಾಡಲು ಬಿಡಬೇಕು. ನಮ್ಮಪ್ಪ ತೋಟದ ಬೇಲಿಯನ್ನು ಒಂದು ಕಡೆ ತೆಳ್ಳಗೆ ಕಟ್ಟುತ್ತಿದ್ದ, ಗಾಳಿಗೆ" ಎಂದಳು. ಆಮೇಲೆ ಆ ಬೇಲಿಯಲ್ಲಿ ನುಸುಳಿ ಬಂದ ಒಂದು ಕರು, ಅದನ್ನು ಅಟ್ಟಿಕೊಂಡು ಹೋಗಿ ಅಪ್ಪ ಕಾಲುವೆಗೆ ಬಿದ್ದದ್ದು, ಎಲ್ಲ ಹೇಳಿದಳು. ವ್ಯಾಪಾರಿ ಕುಳಿತು ಕೇಳಿಸಿಕೊಂಡ. ಮರುದಿನ ನೆಲದ ಕಲ್ಲುಚಪ್ಪಡಿಯ ಮೇಲೆ ಅಂಗೈ ಇಟ್ಟು ನೋಡಿ, "ತಾಯಿ, ಚಳಿ ಕೆಳಗಿನಿಂದಲೂ ಏರುತ್ತಿದೆ" ಎಂದ. ಹಲಗೆ ಹಾಸಿ, ಅದರ ಮೇಲೆ ಜೋಳದ ಹೊಟ್ಟು ಹರಡಿ, ಬಾನಿಯನ್ನು ಎತ್ತಿ ಇಟ್ಟರು. ಇಬ್ಬರೂ ಸೇರಿಯೇ ಎತ್ತಬೇಕಾಯಿತು.

ಪಕ್ಕದ ಬೀದಿಯ ಇನ್ನೊಬ್ಬ ವ್ಯಾಪಾರಿ ಬಂದು ಇದನ್ನೆಲ್ಲ ನೋಡಿದ. "ಜನ ಚಳಿಗೆ ನಡುಗುತ್ತಿದ್ದಾರೆ. ನೀನು ಒಳ್ಳೊಳ್ಳೆಯ ಕಂಬಳಿಯನ್ನು ಗಿಡಕ್ಕೆ ಹೊದಿಸಿದ್ದೀಯಲ್ಲ!" ಎಂದ.

"ಇದೂ ನಮ್ಮ ಮನೆಗೆ ಬಂದದ್ದೇ" ಎಂದು ವ್ಯಾಪಾರಿ ಹೇಳಿದ.

ಹೀಗೆ ಬಳ್ಳಿ ಚಳಿಯನ್ನು ತಡೆದುಕೊಂಡಿತು. ಹೊಸ ಚಿಗುರು ಬರಲಿಲ್ಲ, ಇದ್ದ ಎಲೆ ಉದುರಲೂ ಇಲ್ಲ. ಹಂಪಮ್ಮ ಬೆಳಿಗ್ಗೆ ಎದ್ದ ಕೂಡಲೇ ಕಂಬಳಿ ಸರಿಸಿ ನೋಡುತ್ತಿದ್ದಳು.

ಆಮೇಲೆ ಪುಷ್ಯ ಮಾಸ ಬಂತು. ಗಾಳಿ ನಿಂತಿತು. ಆಕಾಶ ತೊಳೆದಿಟ್ಟಂತಾಯಿತು. ಒಂದು ಬೆಳಿಗ್ಗೆ ಊರಿನ ಬಣವೆಗಳ ಮೇಲೆ ಇಬ್ಬನಿ ಬೆಳ್ಳಗೆ ಉಪ್ಪಿನಂತೆ ಹೆಪ್ಪುಗಟ್ಟಿತ್ತು. ಅಂಥ ಚಳಿಯನ್ನು ಊರಿನ ಮುದುಕರೂ ಕಂಡಿರಲಿಲ್ಲ. ಹಂಪಮ್ಮ ಕಂಬಳಿ ಸರಿಸಿದಳು. ಎಲೆಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು.

"ಹೋಯಿತು, ಮಾವಯ್ಯ" ಎಂದಳು.

ಆ ದಿನವೆಲ್ಲ ಅವಳು ಏನೂ ತಿನ್ನಲಿಲ್ಲ. ಸತ್ತ ಎಲೆಗಳನ್ನು ಒಂದೊಂದಾಗಿ ಚಿವುಟಿ ತೆಗೆದಳು. ಬಾನಿಯಲ್ಲಿ ಬರಿಯ ದಂಟು ನಿಂತಿತು.

ಸಂಜೆಯಾಯಿತು. ವ್ಯಾಪಾರಿ ಅಂಗಳದಿಂದ ಕೊಡ ಹೊತ್ತು ಬಂದ. ಬಾನಿಯ ಪಕ್ಕ ಇಟ್ಟ. ಎರಡನೆಯ ಕೊಡವನ್ನು ಹೆಗಲಿಗೆ ಏರಿಸಿಕೊಂಡು ಬಂದ. ಹೊಸಿಲಲ್ಲಿ ಹಂಪಮ್ಮ ಅಡ್ಡ ಬಂದಳು.

"ಸತ್ತ ಬಳ್ಳಿಗೆ ಇದೆಲ್ಲ ಯಾಕೆ, ಮಾವಯ್ಯ?"

"ಸತ್ತಿದೆಯೋ ಇದೆಯೋ ನನಗೆ ತಿಳಿಯುವುದಿಲ್ಲ, ತಾಯಿ. ಬಳ್ಳಿ ನಿನ್ನದು. ಸಾಕು ಅನ್ನು, ಬಿಟ್ಟುಬಿಡುತ್ತೇನೆ."

ಸಾಕು ಎನ್ನಲು ಅವಳು ಬಾಯಿ ತೆರೆದಳು. ಅಳು ಬಂತು. ಹೊಳೆ ಉಕ್ಕಿದ ಸುದ್ದಿ ಬಂದ ದಿನ ಬರಬೇಕಾಗಿದ್ದ ಅಳು ಅದು. ಗೋಡೆ ಹಿಡಿದು ಕುಳಿತಳು. "ಅಪ್ಪಾ" ಎಂದಳು. ಬಹಳ ಹೊತ್ತು ಅತ್ತಳು.

ವ್ಯಾಪಾರಿಯ ಹೆಗಲ ಮೇಲೆ ಎರಡನೆಯ ಕೊಡ ಹಾಗೆಯೇ ಇತ್ತು. ಇಳಿಸಿದರೆ ಸದ್ದಾದೀತೆಂದು ಹೊತ್ತುಕೊಂಡೇ ನಿಂತ. ಅಳಬೇಡ ಎನ್ನಲಿಲ್ಲ. ಹೆಗಲು ಸೋತಿತು, ನೀರು ತುಳುಕಿ ಅಂಗಿ ಒದ್ದೆಯಾಯಿತು. ಆದರೂ ಕದಲಲಿಲ್ಲ.

ಅವಳ ಅಳು ತಾನಾಗಿಯೇ ನಿಂತಿತು. ಮುಖ ಒರೆಸಿಕೊಂಡು ಎದ್ದಳು. ಮಾವನನ್ನು ನೋಡಿದಳು. ಅಂಗಳಕ್ಕೆ ಇಳಿದು ಮೂರನೆಯ ಕೊಡವನ್ನು ತಾನೇ ಎತ್ತಿಕೊಂಡು ಬಂದಳು. ಇಬ್ಬರೂ ಸೇರಿ ಕಂಬಳಿ ಮುಚ್ಚಿದರು. ಆಮೇಲೆ ಅವಳು ರೊಟ್ಟಿ ತಟ್ಟಿದಳು. ಮಾವನಿಗೆ ಬಡಿಸಿ, ತಾನೂ ತಟ್ಟೆ ಹಾಕಿಕೊಂಡು ಎದುರಿಗೇ ಕುಳಿತಳು.

ಅಲ್ಲಿಂದ ಮುಂದೆ ದಿನವೂ ಹಾಗೆಯೇ ನಡೆಯಿತು. ಬರಿಯ ದಂಟಿಗೆ ಸಂಜೆ ನೀರಿನ ಕೊಡ, ಮಧ್ಯಾಹ್ನ ಗಾಳಿ. ಒಳಗೆ ಕಾವು ಉಳಿದಿದೆಯೇ ಎಂದು ನೋಡಲು ವ್ಯಾಪಾರಿ ಬೆಳಿಗ್ಗೆ ಬೆಳಿಗ್ಗೆಯೇ ತಲೆಯನ್ನು ಡೇರೆಯೊಳಗೆ ತೂರಿಸುತ್ತಿದ್ದ. ಸಂಕ್ರಾಂತಿಯ ದಿನ ಹಾಗೆ ತೂರಿಸಿದವನಿಗೆ ಸೀನು ಬಂತು. ಹಲಗೆಯ ಮೇಲಿನ ಹೊಟ್ಟು ಎದ್ದು ಮುಖಕ್ಕೆ ಬಡಿಯಿತು. ಅದೇ ಹೊತ್ತಿಗೆ ಒಬ್ಬ ಗಿರಾಕಿ ಬಾಗಿಲಿಗೆ ಬಂದ. ವ್ಯಾಪಾರಿ ಹಾಗೆಯೇ ಎದ್ದು ಹೋಗಿ, ಮೀಸೆಯ ತುಂಬ ಜೋಳದ ಹೊಟ್ಟು ಇಟ್ಟುಕೊಂಡು, "ನಮ್ಮ ಕಂಬಳಿಯಲ್ಲಿ ಒಂದು ಕಸ ತೋರಿಸು, ಬಿಟ್ಟಿಯಾಗಿ ಕೊಡುತ್ತೇನೆ" ಎಂದು ಗಂಭೀರವಾಗಿ ಹೇಳಿದ. ಗಿರಾಕಿ ಕಂಬಳಿಯನ್ನು ಬಿಟ್ಟು ಮೀಸೆಯನ್ನೇ ನೋಡತೊಡಗಿದ.

ಒಳಗಿನಿಂದ ಹಂಪಮ್ಮ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡಳು. ನಿಲ್ಲಲಿಲ್ಲ. ಎಳ್ಳುಬೆಲ್ಲ ಕೊಡಲು ಬಂದಿದ್ದ ನೆರೆಮನೆಯ ಹೆಂಗಸರು ಆ ನಗುವನ್ನು ಬೀದಿಯಿಂದಲೇ ಕೇಳಿದರು. ಯಾಕೆ ನಗುತ್ತಿದ್ದಾಳೆಂದು ವ್ಯಾಪಾರಿಗೆ ತಿಳಿಯಲಿಲ್ಲ. ತಿಳಿಯದೆಯೇ ಅವನೂ ನಕ್ಕ.

ಶಿವರಾತ್ರಿಯ ಹೊತ್ತಿಗೆ ಚಳಿ ಶಿವಶಿವಾ ಎಂದು ಹೊರಟಿತು. ಕಂಬಳಿಗಳನ್ನು ಬಿಚ್ಚಿದರು. ಮಣ್ಣಿನ ಮಟ್ಟದಲ್ಲಿ, ದಂಟಿನ ಕೊನೆಯ ಗಿಣ್ಣಿನಲ್ಲಿ, ಅಕ್ಕಿಕಾಳಿನಷ್ಟು ಹಸಿರು ಇತ್ತು. ಯುಗಾದಿಗೆ ಮಗ ಸಂತೆಗಳಿಂದ ಹಿಂತಿರುಗಿದಾಗ ಅದು ಎರಡು ಎಲೆಯಾಗಿತ್ತು. ಇವತ್ತಿಗೂ ಆ ಊರಿನ ಮದುವೆಗೆ ಮೊದಲ ಎಲೆ ಆ ಮನೆಯಿಂದಲೇ ಹೋಗುತ್ತದೆ.

ಗುರುಗಳು ಕತೆ ಮುಗಿಸಿದರು.

ಮರುಳಯ್ಯನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

"ಗುರುಗಳೇ, ಬಳ್ಳಿ ಚಿಗುರಿತು, ಆದ್ದರಿಂದ ಅವಳ ದುಃಖ ಇಳಿಯಿತು. ಒಂದು ವೇಳೆ ಅದು ಚಿಗುರದೆ ಹೋಗಿದ್ದರೆ ಅವನು ಪಟ್ಟ ಪಾಡೆಲ್ಲ ವ್ಯರ್ಥವಾಗುತ್ತಿತ್ತಲ್ಲವೇ?"

ಗುರುಗಳು ಅವನ ಬೆನ್ನ ಮೇಲೆ ಕೈ ಇಟ್ಟು ಹೇಳಿದರು:

"ಬಳ್ಳಿ ಚಿಗುರಿದ್ದು ಶಿವರಾತ್ರಿಗೆ, ಮಗು, ಹುಡುಗಿ ನಕ್ಕದ್ದು ಸಂಕ್ರಾಂತಿಗೆ."