ಬರಿದೋಣಿ ದಿಬ್ಬ

ಮರಗೋಡಿಯ ಅಳಿವೆಯನ್ನು ನೋಡಲು ಹೋಗುವವರು ಕೊನೆಯ ಒಂದಿಷ್ಟು ದಾರಿಯನ್ನು ನಡೆದೇ ಹೋಗಬೇಕು. ಡಾಂಬರು ರಸ್ತೆ ಮೀನು ಒಣಗಿಸುವ ಚಪ್ಪರದ ಹತ್ತಿರ ಮುಗಿದುಹೋಗುತ್ತದೆ. ಅಲ್ಲಿಂದಾಚೆಗೆ ಮರಳು, ಅಡುಂಬು ಬಳ್ಳಿ, ಮತ್ತೆ ಮರಳು. ಹೊಳೆ ಕಡಲನ್ನು ಸೇರುವ ಜಾಗಕ್ಕೆ ಎದುರಾಗಿ ಒಂದು ದಿಬ್ಬ, ದಿಬ್ಬದ ನೆತ್ತಿಯಲ್ಲಿ ಹಂಚಿನ ಒಂದು ಮಾಡು. ಮಾಡಿನ ಕೆಳಗೆ ಎರಡು ದೋಣಿಗಳಿವೆ. ಮುಂದಿನದು ಕಿತ್ತಳೆ ಬಣ್ಣದ ಫೈಬರ್ ದೋಣಿ, ಇಂಜಿನು ಕಟ್ಟಿದ್ದು. ಹಿಂದಿನದು ಹಲಗೆಗಳನ್ನು ತೆಂಗಿನ ಕತ್ತದ ಹುರಿಯಿಂದ ಹೊಲಿದ ಹಳೆಯ ಮರದ ದೋಣಿ. ಅದು ನೀರು ಕಂಡು ಎಷ್ಟೋ ತಲೆಮಾರಾಯಿತು. ಎರಡರ ಅಂಚಿನ ಸುತ್ತಲೂ ಹಗ್ಗವನ್ನು ಇಳಿಬಿಟ್ಟಿದ್ದಾರೆ. ಎರಡರಲ್ಲೂ ಕುಳಿತುಕೊಳ್ಳುವ ಅಡ್ಡಹಲಗೆಗಳಲ್ಲಿ ಒಂದಕ್ಕೆ ಮಾತ್ರ ಬಿಳಿ ಬಣ್ಣ ಬಳಿದಿದ್ದಾರೆ. ಹಳೆಯ ದೋಣಿಯನ್ನು ಯಾವುದೋ ದೇವರದ್ದೆಂದು ತಿಳಿದು ಅದರೊಳಗೆ ಹೂ ಹಾಕಿ ಕೈಮುಗಿಯುವ ಪ್ರವಾಸಿಗರೂ ಇದ್ದಾರೆ. ಅವರು ಅತ್ತ ತಿರುಗಿದ ಕೂಡಲೇ ಬಳಗದವರು ಯಾರಾದರೂ ಬಂದು ಹೂವನ್ನು ತೆಗೆದು ಹೊರಗಿಡುತ್ತಾರೆ. ಆ ದೋಣಿಯೊಳಗೆ ಏನೂ ಇರಕೂಡದು.

ಊರಿನವರು ಈ ಜಾಗಕ್ಕೆ ಬರಿದೋಣಿ ದಿಬ್ಬ ಎನ್ನುತ್ತಾರೆ. ಹೆಸರು ಕೇಳಿದವರು, ಪಾಪ, ಇಲ್ಲಿಯ ದೋಣಿಗಳಿಗೆ ಮೀನೇ ಸಿಗುವುದಿಲ್ಲವೇನೋ ಎಂದು ಮರುಗುತ್ತಾರೆ. ಮರಗೋಡಿಯ ಬಂಗುಡೆ ಮೀನು ತಿಂದವರು ಹಾಗೆ ಮರುಗುವುದಿಲ್ಲ. ಕಡಲಲ್ಲಿ ಕಷ್ಟಕ್ಕೆ ಸಿಕ್ಕಿದವರನ್ನು ತರಲು ಹೋಗುವ ಬರಿದೋಣಿ ಬಳಗ ಈ ಮಾಡಿನಲ್ಲೇ ಇರುವುದು. ಮೀನುಗಾರರು, ಒಬ್ಬ ದರ್ಜಿ, ಶಾಲೆಯ ಟೀಚರು, ಐಸ್ ಲಾರಿ ಓಡಿಸುವವನು, ಹೀಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುವವರೆಲ್ಲ ಅದರಲ್ಲಿದ್ದಾರೆ. ಸಂಬಳವಿಲ್ಲ, ಸನ್ಮಾನ ಮಾಡಲು ಬಂದರೆ ನಾಚಿಕೊಂಡು ಮನೆಗೆ ಹೋಗಿಬಿಡುತ್ತಾರೆ. ಅವರ ಬಳಗಕ್ಕೂ ಈ ದಿಬ್ಬಕ್ಕೂ ಹೆಸರು ಬಂದ ಕತೆ ಒಂದೇ, ಅದು ಬಡಿಯ ತಾಂಡೇಲನ ಕತೆ.

ಹಿಂದೆ ಒಮ್ಮೆ, ಕಡಲಿಗೆ ಇಂಜಿನಿನ ಸದ್ದೇ ಗೊತ್ತಿರದಿದ್ದ ಕಾಲದಲ್ಲಿ, ಮರಗೋಡಿಯ ದೊಡ್ಡ ದೋಣಿಯ ಚುಕ್ಕಾಣಿ ಬಡಿಯನ ಕೈಯಲ್ಲಿತ್ತು. ಚುಕ್ಕಾಣಿ ಹಿಡಿಯುವವನನ್ನೇ ತಾಂಡೇಲ ಎನ್ನುವುದು. ನೀರಿನ ಮೇಲೆ ಅವನ ಮಾತೇ ಮಾತು. ಆ ದೋಣಿಯಲ್ಲಿ ಹೇರುತ್ತಿದ್ದದ್ದು ರಂಪಣಿ ಬಲೆ. ರಂಪಣಿಯೆಂದರೆ ಒಬ್ಬರ ಬಲೆಯಲ್ಲ. ಪ್ರತಿ ಮನೆಯೂ ಮಳೆಗಾಲವಿಡೀ ಸೆಣಬಿನ ನೂಲು ಹೊಸೆದು ತನ್ನ ಪಾಲನ್ನು ನೇಯಬೇಕು. ಮಳೆ ಬಿಟ್ಟ ಮೇಲೆ ಎಲ್ಲ ಪಾಲುಗಳನ್ನೂ ಒಂದಕ್ಕೊಂದು ಹೊಲಿದು ದಂಡೆಯುದ್ದಕ್ಕೂ ಹರಡುತ್ತಿದ್ದರು. ಯಾವ ಗಂಟು ಯಾರ ಮನೆಯ ಹೆಂಗಸಿನದೆಂದು ಕತ್ತಲಲ್ಲಿ ಬೆರಳಾಡಿಸಿ ಹೇಳುವವರಿದ್ದರಂತೆ. ಬಲೆ ತುಂಬಿಸಿಕೊಂಡು ಹೋದ ದೋಣಿ ಮೀನಿನ ಗುಂಪನ್ನು ಸುತ್ತುಗಟ್ಟಿ ಬಂದರೆ, ಆಮೇಲೆ ಹಗ್ಗದ ಎರಡು ತುದಿ ಹಿಡಿದು ಊರಿಗೆ ಊರೇ ಎಳೆಯುವುದು. ಒಂದು ವರ್ಷ ಬಲೆಯಿಲ್ಲವೆಂದರೆ ಆ ವರ್ಷ ಊರೆಲ್ಲ ಹೊಟ್ಟೆಗೆ ತಣ್ಣೀರು ಬಟ್ಟೆ.

ಮೀನಿನ ಗುಂಪು ಕಾಣಿಸಿತೆಂದು ದಂಡೆಗೆ ತಿಳಿಸುವುದಕ್ಕೆ ಅವರಲ್ಲಿ ಒಂದು ಪದ್ಧತಿಯಿತ್ತು. ಬೆಳಗ್ಗೆ ಒಂದು ಸಣ್ಣ ದೋಣಿ ಮುಂದಾಗಿ ಹೋಗಿ ಹುಡುಕುತ್ತಿತ್ತು. ಗುಂಪು ಕಂಡರೆ ಹುಟ್ಟಿನ ತುದಿಗೆ ಬಟ್ಟೆ ಕಟ್ಟಿ ಎತ್ತಿ ಆಡಿಸುತ್ತಿದ್ದರು. ಆ ಬಟ್ಟೆಗಾಗಿ ದಂಡೆಯ ಮೇಲೆ ಕಣ್ಣು ನೆಟ್ಟು ಕಾಯುವುದೇ ಒಂದು ಕೆಲಸ. ಆ ವರ್ಷ ಮಳೆ ತಡವಾಗಿ ಹಿಂದೆ ಸರಿದಿತ್ತು, ಬಂಗುಡೆಯ ಸುಳಿವಿರಲಿಲ್ಲ, ಮನೆಗಳಲ್ಲಿ ಗಂಜಿ ದಿನದಿನಕ್ಕೆ ತೆಳ್ಳಗಾಗುತ್ತಿತ್ತು. ಹಾಗಿರುವಾಗ ಒಂದು ಮಧ್ಯಾಹ್ನ, ಬೀಸಿ ನಿಂತ ಗಾಳಿಯ ಹಿಂದೆಯೇ, ಅಳಿವೆಯ ಆಚೆಗೆ ಹುಟ್ಟಿನ ತುದಿಯಲ್ಲಿ ಬಟ್ಟೆಯೊಂದು ಆಡಿತು.

“ಬಡಿಯಣ್ಣ, ಬಟ್ಟಿ ಕಾಣಿ. ಬಂಗುಡಿ ಬಂತ್,” ಎಂದ ಹುಟ್ಟು ಹಾಕುವವರಲ್ಲಿ ಮೊದಲಿಗನಾದ ಗಣಪ.

ಊರು ಎದ್ದು ನಿಂತಿತು. ಒಣಗಲು ಹರಡಿದ್ದ ಬಲೆಯನ್ನು ಮಡಿಮಡಿಯಾಗಿ ದೋಣಿಗೆ ಹೇರಿದರು. ಅವಸರದಲ್ಲೂ ಬಡಿಯ ಶಾಸ್ತ್ರ ಬಿಡಲಿಲ್ಲ. ದೋಣಿಯ ಮೂತಿಗೆ ಕುಂಕುಮ ಹಚ್ಚಿದ, ಕಾಯಿ ಒಡೆದ, ನೀರಿಗೆ ಹಾಲೆರೆದ. ಹೆಂಗಸರು ಬುಟ್ಟಿ ತರಲು ಓಡಿದರು. ಅಷ್ಟು ಹೊತ್ತೂ ಅತ್ತ ಬಟ್ಟೆ ಆಡುತ್ತಲೇ ಇತ್ತು. ಅದು ಆಡಿದಷ್ಟೂ ಇವರಿಗೆ ಸಂತೋಷ, ಗುಂಪು ದೊಡ್ಡದೇ ಇರಬೇಕೆಂದು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಮರಗೋಡಿಯವರು ಆ ನಗುವನ್ನು ಇವತ್ತಿಗೂ ಕತೆಯಿಂದ ಬಿಡುವುದಿಲ್ಲ; ಬಿಡಬಾರದು ಎನ್ನುತ್ತಾರೆ.

ಅಳಿವೆಯ ನೊರೆ ದಾಟಿದ ಮೇಲೆ ಬಡಿಯನಿಗೆ ವಿಷಯ ಕಂಡಿತು. ಅದು ಅವರ ಹುಡುಕುವ ದೋಣಿಯೇ ಅಲ್ಲ. ಆಚೆದಡದ ನೀರಬೆಟ್ಟಿನವರ ದೋಣಿ, ಗಾಳಿಗೆ ಮಗುಚಿ, ಹೊಲಿಗೆ ಬಿಚ್ಚಿಕೊಂಡು, ಬೆನ್ನು ಮೇಲಾಗಿ ತೇಲುತ್ತಿತ್ತು. ಏಳೆಂಟು ಜನ ಅದಕ್ಕೆ ಜೋತುಬಿದ್ದಿದ್ದರು. ಅದರ ಬೆನ್ನಿನ ಮೇಲೆ ಒಬ್ಬ ಅವುಚಿಕೊಂಡು ಕೂತು, ತನ್ನ ಮುಂಡಾಸು ಕಟ್ಟಿದ ಹುಟ್ಟನ್ನು ಎತ್ತಿ ಹಿಡಿದಿದ್ದ. ಅವನು ನೀರಬೆಟ್ಟಿನ ಮಾಸ್ತಿ. ಅಳಿವೆಯ ನೀರು ಯಾರದೆಂಬ ಜಗಳದಲ್ಲಿ ಮರಗೋಡಿಗೂ ನೀರಬೆಟ್ಟಿಗೂ ಬಹಳ ಕಾಲದಿಂದ ಮಾತಿರಲಿಲ್ಲ. ಹಾಗಿದ್ದೂ ಆ ಗಳಿಗೆಯಲ್ಲಿ ದೋಣಿಯಲ್ಲಿದ್ದ ಯಾರಿಗೂ ಜಗಳ ನೆನಪಾಗಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಕಣ್ಣೆದುರಿಗೇ ಇತ್ತು. ದೋಣಿ ಅಂಚಿನವರೆಗೂ ಬಲೆಯಿಂದ ತುಂಬಿತ್ತು. ಮನುಷ್ಯರನ್ನು ಕೂರಿಸಲು ಒಂದು ಮೊಣಕಾಲೂರುವಷ್ಟು ಜಾಗವಿರಲಿಲ್ಲ.

“ಬಲಿ ಚೆಲ್ಲಿ,” ಎಂದ ಬಡಿಯ.

“ಇದ್ ಊರಿನ ಬಲಿ, ಬಡಿಯಣ್ಣ,” ಎಂದ ಗಣಪ.

“ಗೊತ್ತಿತ್ತ್. ಚೆಲ್ಲಿ.”

ಚೆಲ್ಲಿದರು. ಮಡಿಕೆ ಮಡಿಕೆಯಾಗಿ ಮನೆಗಳ ಪಾಲು ನೀರಿಗೆ ಬಿದ್ದು ಸೆಳೆತಕ್ಕೆ ಸಿಕ್ಕು ಬಂಡೆಗಳ ಕಡೆಗೆ ಹೋಯಿತು. ಅಲ್ಲಿಗೆ ಹೋದ ಬಲೆ ಮತ್ತೆ ಸಿಗುವುದಲ್ಲ. ಅರ್ಧ ಹೋಗುವ ಹೊತ್ತಿಗೆ ಬಡಿಯ ಸಾಕೆಂದು ಕೈಯೆತ್ತಿ, ಅಲ್ಲಿಗೆ ಹೊಲಿಗೆ ಕೊಯ್ಯಿಸಿದ. ಇಷ್ಟು ಜಾಗ ಸಾಕು, ಉಳಿದರ್ಧದಿಂದ ಊರು ಹೇಗಾದರೂ ವರ್ಷ ತಳ್ಳೀತು ಎಂದು ಅವನ ಲೆಕ್ಕ. ತಾಂಡೇಲನಾದವನಿಗೆ ಬರಬೇಕಾದ ಲೆಕ್ಕವೇ ಅದು, ಅದನ್ನು ಯಾರೂ ತಪ್ಪೆನ್ನಲಾರರು. ನೀರಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ಎಳೆದುಕೊಂಡರು. ದೋಣಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ, ಒದ್ದೆ ಕೈಗಳು ಜಾರಿ ಜಾರಿ ಬೀಳುತ್ತಿದ್ದವು. ಜೋತುಬಿದ್ದಿದ್ದವರೆಲ್ಲ ಹತ್ತಿದ ಮೇಲೆ ಅಂಚು ನೀರಿಗೆ ಎರಡು ಬೆರಳಷ್ಟೇ ಮೇಲಿತ್ತು. ಹತ್ತದೆ ಉಳಿದಿದ್ದವನು ಮಾಸ್ತಿಯೊಬ್ಬ. ಬಡಿಯ ಬಲೆಯನ್ನು ನೋಡಿದ, ಮಾಸ್ತಿಯನ್ನು ನೋಡಿದ. ಮಾಸ್ತಿಯೂ ಬಲೆಯನ್ನು ನೋಡಿದನಂತೆ. ಅವನೂ ರಂಪಣಿ ಎಳೆದವನೇ, ಅದರ ಬೆಲೆ ಅವನಿಗೆ ಗೊತ್ತಿತ್ತು.

“ಇವ್ರನ್ನ ಬಿಟ್ಟಿಕ್ ಬನ್ನಿ,” ಎಂದ. “ನಾ ಎಲ್ಲಿಗ್ ಹೋತೆ? ಇಲ್ಲೇ ಇರ್ತೆ.”

ದಂಡೆ ಮುಟ್ಟಿದ್ದೇ ಬಡಿಯ ಜನರನ್ನು ಇಳಿಸಿ, ಉಳಿದ ಬಲೆಯನ್ನು ಮರಳಿಗೆ ಎಳೆದುಹಾಕಿ ತಿರುಗಿದ. ಒಳಗೆ ಬಲೆಯಿಲ್ಲದೆ ಆ ದೋಣಿ ಕಡಲಿಗೆ ಹೋದದ್ದು ಅದೇ ಮೊದಲ ಸಲ. ಅದು ಎಷ್ಟು ಹಗುರಾಗಿತ್ತೆಂದರೆ ಹುಟ್ಟು ಹಾಕುವವರಿಗೇ ಆಶ್ಚರ್ಯವಾಯಿತು. ಮೊದಲೇ ಹೀಗೆ ಹೋಗಿದ್ದರೆ ಎಂಬ ಮಾತು ಎಲ್ಲರ ಮನಸ್ಸಿಗೂ ಬಂತು. ಅವರು ಹೋಗುವ ಹೊತ್ತಿಗೆ ಮಗುಚಿದ ದೋಣಿ ಹಲಗೆ ಹಲಗೆಯಾಗಿ ಬಿಚ್ಚಿಹೋಗಿತ್ತು. ಮುಂಡಾಸು ಕಟ್ಟಿದ ಹುಟ್ಟು ಮಾತ್ರ ತೇಲುತ್ತಿತ್ತು. ಸೂರ್ಯ ಮುಳುಗುವವರೆಗೂ ಬಡಿಯ ಆ ನೀರನ್ನು ಸುತ್ತಿದ.

ಮರುದಿನ ಅವನ ಹೆಂಡತಿ ಬಚ್ಚಿ, ದಂಡೆಯ ಮೇಲೆ ಉಳಿದ ಬಲೆಯ ಪಕ್ಕ ಕೂತಿದ್ದ ಗಂಡನನ್ನು ಹುಡುಕಿಕೊಂಡು ಬಂದಳು. ಅವನು ಬಲೆಯ ಒಂದು ಗಂಟನ್ನು ಬೆರಳಿನಿಂದ ಮುಟ್ಟುತ್ತಿದ್ದ. “ಎಂತ ಕಾಂತ್ರಿ ಅದ್ರಗೆ?” ಎಂದಳು. “ನಮ್ಮನಿ ಪಾಲ್ ಉಳ್ದಿತ್ತ್,” ಎಂದ ಅವನು. ಬಲೆ ಹೇರುವಾಗ ತಾಂಡೇಲನ ಪಾಲು ಎಲ್ಲಕ್ಕಿಂತ ಅಡಿಯಲ್ಲಿ ಬರುವುದು ವಾಡಿಕೆ, ಅವನು ಬೇಕೆಂದು ಉಳಿಸಿದ್ದಲ್ಲ. ಆದರೂ ಆ ಒಂದು ಪಾಲನ್ನು ಚೆಲ್ಲಿದ್ದರೆ ಮಾಸ್ತಿಗೆ ಜಾಗವಾಗುತ್ತಿತ್ತು. ಬಚ್ಚಿ ಪಕ್ಕದಲ್ಲಿ ಕೂತು, ತಾನೇ ನೇಯ್ದಿದ್ದ ಆ ಪಾಲನ್ನು ಬಲೆಯಿಂದ ಬಿಚ್ಚಿ, ಎಳೆಗಳನ್ನು ಕೂಡಿಸಿ ಹಗ್ಗ ಹೊಸೆಯತೊಡಗಿದಳು. ದೋಣಿಯ ಸುತ್ತ ಕಟ್ಟಿದರೆ ನೀರಲ್ಲಿದ್ದವರಿಗೆ ಹಿಡಿದುಕೊಳ್ಳಲು ಆಗುತ್ತದೆ ಎಂದಷ್ಟೇ ಹೇಳಿದಳಂತೆ.

ಬಡಿಯನಿಗೆ ಬೇಕಾದದ್ದು ಒಂದೇ: ದಿಬ್ಬದ ಮೇಲೆ ಸದಾ ಒಂದು ದೋಣಿಯಿರಬೇಕು, ಅದರಲ್ಲಿ ಬಲೆಯಿರಬಾರದು. ಊರು ಕೂಡಿದಾಗ ಅದನ್ನು ಕೇಳಿದ. ಊರಿನ ಕಣ್ಣು ಕೆಂಪಗಾಯಿತು. ಅರ್ಧ ಬಲೆ ಕಳೆದವನು, ಅದೂ ಮಾತಿಲ್ಲದವರಿಗಾಗಿ ಕಳೆದವನು, ಈಗ ದುಡಿಯದ ದೋಣಿಯೊಂದನ್ನು ಕೇಳುತ್ತಾನಲ್ಲ ಎಂದು ಗುಲ್ಲೆದ್ದಿತು. ಚುಕ್ಕಾಣಿ ಬಿಡಿಸಬೇಕೆಂದವರೂ ಇದ್ದರು. ಹಸಿದವರ ಮಾತು, ಅದನ್ನು ಈಗ ಕೂತು ಆಡಿಕೊಳ್ಳುವುದು ನ್ಯಾಯವಲ್ಲ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ನೀರಬೆಟ್ಟಿನವರು ಬಂದರು. ಮೊನ್ನೆ ಬದುಕಿ ಬಂದವರೇ ಒಂದು ದೋಣಿಯನ್ನು ಹೆಗಲ ಮೇಲೆ ಹೊತ್ತಿದ್ದರು. ಮುಂದೆ ಒಬ್ಬ ಮುದುಕಿ. ಅವಳು ಮಾಸ್ತಿಯ ತಾಯಿ ಮಂಕಾಳಿ. ದೋಣಿ ಮಾಸ್ತಿಯದು, ಹೊಳೆಯಲ್ಲಿ ಓಡಾಡಲು ಅವನೇ ಹೊಲಿದುಕೊಂಡದ್ದು. ಅದನ್ನು ಬಡಿಯನ ಎದುರಿಗೆ ಇಳಿಸಿದರು.

“ನೀ ಚೆಲ್ಲಿದ್ದ್ ಹೆಚ್ಚಾಯ್ತ್ ಅಂತ್ರ್ ನಿನ್ನೂರಿನರ್,” ಎಂದಳು ಮಂಕಾಳಿ. “ನಂಗದ್ ಕಮ್ಮಿ ಆಯ್ತ್, ಮಗಾ.”

ಬಡಿಯ ಅವಳ ಕಾಲ ಬಳಿ ಕುಸಿದು ಕೂತು ಅತ್ತುಬಿಟ್ಟ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳೋ ಇಲ್ಲವೋ ಎಂಬುದರಲ್ಲಿ ಎರಡು ಊರಿನವರಿಗೂ ಇವತ್ತಿಗೂ ಒಮ್ಮತವಿಲ್ಲ. ದೋಣಿಯನ್ನು ಬಿಟ್ಟುಹೋಗುವಾಗ ಇದಕ್ಕೆ ಬಲೆ ಹಾಕಬೇಡಿ ಎಂದಳೆಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಆ ಮೇಲೆ ಬಡಿಯ ಕೇಳಿದ್ದಕ್ಕೆ ಮರಗೋಡಿಯೂ ಒಪ್ಪಿತು. ಬಚ್ಚಿ ಹೊಸೆದ ಹಗ್ಗವನ್ನು ಅದರ ಅಂಚಿಗೆ ಕಟ್ಟಿ ದಿಬ್ಬದ ಮೇಲಿಟ್ಟರು. ಹುಟ್ಟಿಗೆ ಬಟ್ಟೆ ಕಟ್ಟಿದ್ದು ಎಲ್ಲೇ ಕಂಡರೂ ಆ ಬರಿದೋಣಿ ಮೊದಲು ಹೋಗಬೇಕು, ಮೀನೆಂದು ಖಚಿತವಾದ ಮೇಲೆಯೇ ಬಲೆಯ ದೋಣಿ ಎಂದು ಕಟ್ಟಳೆಯಾಯಿತು. ಇದರಿಂದ ಎಷ್ಟೋ ಸಲ ಮೀನು ಕೈತಪ್ಪಿದ್ದುಂಟು, ಗೊಣಗಿದ್ದೂ ಉಂಟು, ಕಟ್ಟಳೆ ಮುರಿದದ್ದಿಲ್ಲ. ಆ ವರ್ಷ ಎರಡೂ ಊರು ತಮ್ಮ ತಮ್ಮ ಅಳಿದುಳಿದ ಬಲೆಯನ್ನು ಕೂಡಿಸಿ ಹೊಲಿದು ಎಳೆದವು. ಜಗಳ ನಿಂತಿತೆಂದಲ್ಲ, ಎಳೆಯುತ್ತ ಎಳೆಯುತ್ತಲೇ ಜಗಳವಾಡಿದರು. ಬಡಿಯ ಬದುಕಿರುವಷ್ಟು ದಿನ ಬರಿದೋಣಿಯ ಚುಕ್ಕಾಣಿಯನ್ನಷ್ಟೇ ಹಿಡಿದ.

ಮಾಸ್ತಿಯ ದೋಣಿ ಹಳತಾಗಿ ಮಾಡಿನ ಹಿಂಬದಿಗೆ ಸರಿಯಿತು, ಅದರ ಜಾಗಕ್ಕೆ ಬೇರೆ ಬಂತು, ಅದರ ಜಾಗಕ್ಕೆ ಈಗಿನ ಕಿತ್ತಳೆ ಬಣ್ಣದ್ದು ಬಂತು. ಬಟ್ಟೆಯ ಬದಲು ಫೋನು ಬರುತ್ತದೆ, ಟೀಚರು ಪಾಠ ನಿಲ್ಲಿಸಿ ಓಡುತ್ತಾರೆ. ಇಂಜಿನಿನ ದೋಣಿಗೆ ಅಂಗಡಿಯ ನೈಲಾನ್ ಹಗ್ಗ ಸಾಲದೆಂದಲ್ಲ. ಆದರೂ ಪ್ರತಿ ಮಳೆಗಾಲದ ಕೊನೆಗೆ ಮರಗೋಡಿಯ ಒಂದೊಂದು ಮನೆಯವರು ಸರದಿಯಂತೆ ಹೊಸೆದು ತಂದ ಹಗ್ಗವೇ ಅದರ ಅಂಚಿಗೆ ಬೀಳುವುದು. ನೀರಬೆಟ್ಟಿನ ಹುಡುಗಿಯೊಬ್ಬಳು ಈಗ ಆ ದೋಣಿಯ ಚುಕ್ಕಾಣಿ ಹಿಡಿಯುತ್ತಾಳೆ.

ಮಾಡಿನ ನೆರಳಲ್ಲಿ ಕೂತು ದಣಿವಾರಿಸಿಕೊಳ್ಳುವ ಪ್ರವಾಸಿಗರು ಕಿತ್ತಳೆ ಬಣ್ಣದ ದೋಣಿ ಹತ್ತಿ ಫೋಟೋ ತೆಗೆಸಿಕೊಳ್ಳಲು ಕೇಳುವುದುಂಟು. ಬಳಗದವರು ಬೇಡವೆನ್ನುವುದಿಲ್ಲ, ಬಿಳಿ ಬಣ್ಣದ ಹಲಗೆಯ ಮೇಲೆ ಮಾತ್ರ ಕೂರಬೇಡಿ ಎನ್ನುತ್ತಾರೆ. ಅದು ಬಡಿಯ ಮಾಡಿಟ್ಟ ಕಟ್ಟಳೆ. ಕಡಲಿಗೆ ಹೋಗುವಾಗ ಎಷ್ಟೇ ಜನವಿದ್ದರೂ, ಒತ್ತಿಕೊಂಡು ನಿಂತಾದರೂ ಸರಿ, ಆ ಹಲಗೆಯನ್ನು ಖಾಲಿ ಬಿಡುತ್ತಾರೆ. ನೀರಿನಿಂದ ಮೊದಲು ಎತ್ತಿದವರನ್ನು ಅದರ ಮೇಲೆ ಕೂರಿಸುತ್ತಾರೆ. ಚಳಿಗೆ ನಡುಗುತ್ತ ಕೂತವರಿಗೆ ಆಗ ಏನೂ ಗೊತ್ತಿರುವುದಿಲ್ಲ. ದಂಡೆ ಸೇರಿ, ಒಣಬಟ್ಟೆ ಉಟ್ಟು, ಬಿಸಿ ಗಂಜಿ ಕುಡಿದಾದ ಮೇಲೆ, ನೀವು ಕೂತು ಬಂದದ್ದು ಮಾಸ್ತಿಯ ಜಾಗದಲ್ಲಿ ಎಂದು ಯಾರಾದರೂ ಹೇಳುತ್ತಾರೆ.